ಕಾಫಿ ಕಪ್ ಕೇಕ್: ಹಿಂದಿನ ಸಾಲು ಗೋಪುರ, ಮುಂದಿನ ಸಾಲು ಹಳ್ಳ. ತಪ್ಪು ಎಲ್ಲಿ?

ಕಪ್‌ಕೇಕ್_ಕಷ್ಟ (ಚಿಕ್ಕಮಗಳೂರು)

ಓಟಿಜಿಯಲ್ಲಿ (ಮೇಲೆ ಕೆಳಗೆ ರಾಡ್ ಕಾಯೋ ಚಿಕ್ಕ ಕರೆಂಟ್ ಓವನ್) ಮಾಡಿದ ಕಾಫಿ ಕಪ್ ಕೇಕ್ ಪೂರ್ತಿ ಕೆಟ್ಟಿದೆ. ಕಾರಣ ಹೇಳೋರಿಗೆ ಸುಲಭ ಆಗಲಿ ಅಂತ ಏನನ್ನೂ ಬಿಡದೆ ಬರೀತಿದೀನಿ.

ಅಳತೆ: ಮೈದಾ ಒಂದೂವರೆ ಕಪ್, ಸಕ್ಕರೆ ಒಂದು ಕಪ್ (ಅಳೆದ ಮೇಲೆ ಮಿಕ್ಸಿಗೆ ಹಾಕಿದ್ದು), ಬೆಣ್ಣೆ 100 ಗ್ರಾಂ, ಮೊಟ್ಟೆ ಎರಡು, ಗಟ್ಟಿ ಮೊಸರು ಅರ್ಧ ಕಪ್, ಬೇಕಿಂಗ್ ಪೌಡರ್ ಎರಡು ಚಮಚ, ಅಡುಗೆ ಸೋಡಾ ಅರ್ಧ ಚಮಚ, ಫಿಲ್ಟರ್ ಕಾಫಿ ಪುಡಿ ಎರಡು ಚಮಚ, ವೆನಿಲಾ ಅರ್ಧ ಚಮಚ. ಕಪ್ಪು 240 ಎಂಎಲ್‌ದು. ಚಮಚ ಮನೆಯ ಸ್ಟೀಲ್ ಚಮಚ.

ಮಾಡಿದ ರೀತಿ: ಬೆಣ್ಣೆ ಫ್ರಿಜ್ಜಿಂದ ತೆಗೆದಾಗ ಕಲ್ಲಾಗಿತ್ತು, ಬಿಸಿ ಮಾಡಿ ಕರಗಿಸಿದ್ದು. ಅದಕ್ಕೆ ಸಕ್ಕರೆ ಹಾಕಿ ಬೀಟರ್‌ನಲ್ಲಿ ಐದು ನಿಮಿಷ, ಮೊಟ್ಟೆ ಹಾಕಿ ಮತ್ತೆರಡು ನಿಮಿಷ, ಆಮೇಲೆ ಮೈದಾ ಮೊಸರು ಎಲ್ಲ ಹಾಕಿ ಗಂಟು ಹೋಗೋ ತನಕ ಬೀಟರ್‌ನಲ್ಲೇ ನಾಲ್ಕು ನಿಮಿಷ. ಒಂಬತ್ತು ಅಚ್ಚಿಗೆ ಪೇಪರ್ ಕಪ್ ಇಟ್ಟು ಹಂಚಿದೆ, ಅಂಚಿನವರೆಗೂ ಬಂತು. 28 ಲೀಟರ್ ಓಟಿಜಿ, ಎರಡೂ ರಾಡ್ ಆನ್, 180 ಡಿಗ್ರಿ, ಹತ್ತು ನಿಮಿಷ ಪ್ರೀಹೀಟ್, 25 ನಿಮಿಷ ಬೇಕ್. ಹತ್ತನೇ ನಿಮಿಷಕ್ಕೆ ಒಂದು ಸಲ ಬಾಗಿಲು ತೆಗೆದು ನೋಡಿದೆ.

ಆಗಿದ್ದು: ಗಾಜಿನ ಬಾಗಿಲ ಪಕ್ಕದ ಸಾಲು ಮೊದಲು ಉಬ್ಬಿ ಅಂಚು ದಾಟಿ ಟ್ರೇ ಮೇಲೆ ಹರಿದು, ಆಮೇಲೆ ನಡುವೆ ಹಳ್ಳ ಬಿತ್ತು. ಹಿಂದಿನ ಸಾಲು ಗೋಪುರದ ಹಾಗೆ ಎದ್ದು ತುದಿ ಬಿರುಕು ಬಿಟ್ಟಿದೆ. ಕೊಯ್ದು ನೋಡಿದರೆ ಒಳಗೆ ಕೆಳಗಿಂದ ಮೇಲಕ್ಕೆ ಉದ್ದುದ್ದ ತೂತು. ತಿಂದರೆ ನಾಲಿಗೆ ಮೇಲೆ ಸೋಪಿನ ಥರ ರುಚಿ, ಹಲ್ಲಿಗೆ ಮರಳಿನ ಹಾಗೆ ಕಾಫಿ ಪುಡಿ. ಆರಿದ ಮೇಲೆ ಪೇಪರ್ ಕಪ್ ತಾನಾಗೇ ಬಿಟ್ಟುಕೊಂಡಿದೆ.

ಇಷ್ಟೂ ತಪ್ಪಿಗೆ ಕಾರಣ ಒಂದೇನಾ, ಬೇರೆ ಬೇರೆನಾ?

ಗಿರಿಗಾಳಿ (ಚಿಕ್ಕಮಗಳೂರು)

ಊರಿನ ಎತ್ತರ ಲೆಕ್ಕಕ್ಕೆ ತಗೊಂಡಿದೀರಾ? ಚಿಕ್ಕಮಗಳೂರು ಸಮುದ್ರಮಟ್ಟದಿಂದ ಸುಮಾರು 1,090 ಮೀಟರ್, ಅಂದರೆ ಮೂರೂವರೆ ಸಾವಿರ ಅಡಿ ಮೇಲಿದೆ. ಇಲ್ಲಿ ಗಾಳಿಯ ಒತ್ತಡ ಮಂಗಳೂರಿಗಿಂತ ಶೇಕಡಾ 12ರಷ್ಟು ಕಡಿಮೆ. ಹಿಟ್ಟಿನಲ್ಲಿ ಹುಟ್ಟಿದ ಅಷ್ಟೇ ಗ್ಯಾಸು ಇಲ್ಲಿ ಶೇಕಡಾ 14ರಷ್ಟು ಹೆಚ್ಚು ಜಾಗ ಹಿಡಿಯತ್ತೆ. ನೀರು 100 ಡಿಗ್ರಿಗಲ್ಲ, 96 ಚಿಲ್ಲರೆಗೇ ಕುದಿಯತ್ತೆ. ಹಾಗಾಗಿ ಕೇಕ್ ಬೇಗ ಉಬ್ಬತ್ತೆ, ಬೇಗ ಒಣಗತ್ತೆ, ಗಟ್ಟಿಯಾಗೋ ಮುಂಚೆನೇ ಗುಳ್ಳೆ ಒಡೆದು ಕೂರತ್ತೆ.

ಮೂರು ಸಾವಿರ ಅಡಿ ದಾಟಿದ ಊರಿಗೆ ಬೇಕಿಂಗ್‌ನವರು ಇಟ್ಟುಕೊಂಡಿರೋ ಲೆಕ್ಕ ಹೀಗಿದೆ: ಬೇಕಿಂಗ್ ಪೌಡರ್ ಪ್ರತಿ ಟೀ ಚಮಚಕ್ಕೆ ಎಂಟನೇ ಒಂದು ಭಾಗ ಕಮ್ಮಿ, ಸಕ್ಕರೆ ಪ್ರತಿ ಕಪ್ಪಿಗೆ ಒಂದು ಟೇಬಲ್ ಚಮಚದವರೆಗೆ ಕಮ್ಮಿ, ಹಾಲು ಅಥವಾ ನೀರು ಪ್ರತಿ ಕಪ್ಪಿಗೆ ಒಂದೆರಡು ಟೇಬಲ್ ಚಮಚ ಜಾಸ್ತಿ, ಓವನ್ ಶಾಖ 8ರಿಂದ 14 ಡಿಗ್ರಿ ಜಾಸ್ತಿ. ನಿಮ್ಮ ರೆಸಿಪಿ ಯಾವುದೋ ಕರಾವಳಿಯವರು ಬರೆದಿದ್ದಿರಬೇಕು. ಇದನ್ನ ಹೊಂದಿಸಿಕೊಂಡರೆ ಸರಿಹೋಗತ್ತೆ.

ತೂಕದ_ಕಲ್ಲು (ಹಾಸನ)

ಗಿರಿಗಾಳಿಯವರ ಅಂಕಿ ಎಲ್ಲ ಸರಿ ಇದೆ. ಆದ್ರೆ ಈ ಕೇಸಲ್ಲಿ ಬೆಟ್ಟದ ಮೇಲೆ ತಪ್ಪು ಹೊರಿಸೋಕೆ ಆಗಲ್ಲ. ಬೆಂಗಳೂರೇ 900 ಮೀಟರ್ ದಾಟಿದೆ, ನಮ್ಮ ಹಾಸನ ಅದಕ್ಕಿಂತ ಸ್ವಲ್ಪ ಮೇಲೆ, ಚಿಕ್ಕಮಗಳೂರು ಇನ್ನೊಂದು ಚೂರು ಮೇಲೆ. ಬೆಂಗಳೂರಿನ ಅಡುಗೆಮನೇಲಿ ಸರಿಯಾಗಿ ಬಂದ ರೆಸಿಪಿ ನಿಮ್ಮಲ್ಲಿ ಹೆಚ್ಚುಕಮ್ಮಿ ಹಾಗೇ ಬರತ್ತೆ. ಮುಳ್ಳಯ್ಯನಗಿರಿ ಕಡೆ ಎತ್ತರದಲ್ಲಿರೋ ಹೋಂಸ್ಟೇಲಿ ಬೇಕ್ ಮಾಡೋರಾದ್ರೆ ಆ ಲೆಕ್ಕ ಗೋಡೆಗೆ ಅಂಟಿಸ್ಕೋಬೇಕು. ಊರೊಳಗೆ ಅದು ಉಪ್ಪಿನಕಾಯಿ ಥರ, ಪಕ್ಕದಲ್ಲಿದ್ರೆ ಸಾಕು.

ಈಗ ನಿಮ್ಮ ಚಮಚ ನೋಡೋಣ. ರೆಸಿಪಿಯ ಟೀ ಚಮಚ ಅಂದ್ರೆ 5 ಎಂಎಲ್, ಅದೂ ತಲೆ ಸವರಿದ್ದು. ಮನೆಯ ಸ್ಟೀಲ್ ಚಮಚ ಒಂದೊಂದು ಒಂದೊಂದು ಅಳತೆ. ಕೆಮ್ಮಿನ ಸಿರಪ್ ಬಾಟಲಿಯ ಮುಚ್ಚಳದಲ್ಲಿ 5 ಎಂಎಲ್ ಗೆರೆ ಇರತ್ತಲ್ಲ, ಅಷ್ಟು ನೀರು ನಿಮ್ಮ ಚಮಚಕ್ಕೆ ಸುರಿದು ನೋಡಿ. ತುಂಬದೆ ಉಳಿದ್ರೆ ಚಮಚ ದೊಡ್ಡದು. ಸಾಮಾನ್ಯವಾಗಿ 7 ಎಂಎಲ್ ಹಿಡಿಯತ್ತೆ. ಪುಡಿಯನ್ನ ಗುಡ್ಡೆ ಮಾಡಿ ತೆಗೆದ್ರೆ 10 ಎಂಎಲ್ ದಾಟತ್ತೆ. ಅಂದ್ರೆ ನಿಮ್ಮ ಎರಡು ಚಮಚ ಬೇಕಿಂಗ್ ಪೌಡರ್ ನಿಜಕ್ಕೂ ನಾಲ್ಕು ಟೀ ಚಮಚ. ಅರ್ಧ ಚಮಚ ಸೋಡಾ ಅಂದಿದ್ದು ಮುಕ್ಕಾಲು ಟೀ ಚಮಚನಾದ್ರೂ ಇರತ್ತೆ. ಸೋಡಾದ ಶಕ್ತಿ ಬೇಕಿಂಗ್ ಪೌಡರ್‌ಗಿಂತ ಮೂರು ನಾಲ್ಕು ಪಟ್ಟು, ಹಾಗಾಗಿ ಅದು ಇನ್ನೂ ಎರಡು ಮೂರು ಚಮಚಕ್ಕೆ ಸಮ. ಒಟ್ಟು ಆರೇಳು ಚಮಚ ಆಯ್ತು. ಒಂದೂವರೆ ಕಪ್ ಮೈದಾಕ್ಕೆ ಬೇಕಾಗಿದ್ದು ಒಂದೂವರೆ, ತುಂಬ ಅಂದ್ರೆ ಎರಡು. ಎತ್ತರದಿಂದ ಬಂದ ಹೆಚ್ಚಳ ಶೇಕಡಾ 14, ಚಮಚದಿಂದ ಬಂದದ್ದು ಮೂರು ಪಟ್ಟಿಗಿಂತ ಜಾಸ್ತಿ. ಯಾರನ್ನ ಹಿಡೀಬೇಕು ಹೇಳಿ.

ಸೋಪಿನ ರುಚಿನೂ ಇದೇ ಲೆಕ್ಕದ್ದು. ಅರ್ಧ ಕಪ್ ಮೊಸರಿನ ಹುಳಿ ಸುಮಾರು ಕಾಲು ಟೀ ಚಮಚ ಸೋಡಾನ ಮಾತ್ರ ಕೊಲ್ಲತ್ತೆ. ಮಿಕ್ಕಿದ್ದು ಹುಳಿ ಸಿಗದೆ ಹಾಗೇ ಕೂತು ನಾಲಿಗೆ ಮೇಲೆ ಸಾಬೂನಾಗತ್ತೆ. ಕೇಕಿನ ಒಳಗೆ ಅಲ್ಲಲ್ಲಿ ಹಳದಿ ಕಂದು ಚುಕ್ಕೆ ಕಂಡ್ರೆ ಸೋಡಾ ಗಂಟಾಗಿ ಉಳಿದಿತ್ತು ಅಂತ ಅರ್ಥ. ಮೈದಾ, ಬೇಕಿಂಗ್ ಪೌಡರ್, ಸೋಡಾ ಮೂರನ್ನೂ ಸೇರಿಸಿ ಎರಡು ಸಲ ಜರಡಿ ಹಿಡೀಬೇಕು, ಅದರಲ್ಲಿ ಸೋಮಾರಿತನ ಬೇಡ.

ಎರಡನೇದು ಅಚ್ಚಿನ ಲೆಕ್ಕ. ನಿಮ್ಮ ಸಾಮಾನು ಕೂಡಿಸಿ: ಮೈದಾ 190, ಸಕ್ಕರೆ 200, ಬೆಣ್ಣೆ 100, ಮೊಟ್ಟೆ ಸಿಪ್ಪೆ ಬಿಟ್ಟು 100, ಮೊಸರು 120, ಇತರೆ 20. ಒಟ್ಟು 730 ಗ್ರಾಂ. ಒಂಬತ್ತಕ್ಕೆ ಹಂಚಿದ್ರೆ ಒಂದೊಂದಕ್ಕೆ 81 ಗ್ರಾಂ. ಮಾಮೂಲಿ ಕಪ್ ಕೇಕ್ ಅಚ್ಚಿಗೆ 45ರಿಂದ 50 ಗ್ರಾಂ ಹಾಕೋದು, ಅಂದ್ರೆ ಅರ್ಧದಿಂದ ಮೂರನೇ ಎರಡು ಭಾಗ. ನಿಮ್ಮ ಹಿಟ್ಟು ಹದಿನೈದು ಕಪ್ ಕೇಕಿನದು, ಒಂಬತ್ತರಲ್ಲಿ ತುರುಕಿದೀರಿ. ಅಂಚು ದಾಟಿದ ಹಿಟ್ಟಿಗೆ ಒರಗೋಕೆ ಗೋಡೆ ಇಲ್ಲ. ಪಕ್ಕಕ್ಕೆ ಹರಿಯತ್ತೆ, ನಡುವಿನ ಹಿಟ್ಟನ್ನೂ ಜೊತೆಗೆ ಎಳ್ಕೊಂಡು ಹೋಗತ್ತೆ. ಹಳ್ಳ ಬೀಳೋದು ಹೀಗೆ.

ಉದ್ದುದ್ದ ತೂತು ಬೀಟರ್ ಕೊಟ್ಟ ಬಹುಮಾನ. ಮೈದಾ ಒದ್ದೆಯಾದ ಮೇಲೆ ನಾಲ್ಕು ನಿಮಿಷ ಬೀಟ್ ಮಾಡಿದ್ರೆ ಚಪಾತಿ ಹಿಟ್ಟಿನ ಹಾಗೆ ಅಂಟು ಬೆಳೆಯತ್ತೆ. ಗ್ಯಾಸು ಆ ಅಂಟನ್ನ ಸೀಳ್ಕೊಂಡು ಮೇಲೇಳುವಾಗ ಸುರಂಗ ಆಗತ್ತೆ. ಮೈದಾ ಹಾಕಿದ ಮೇಲೆ ಬೀಟರ್ ಪ್ಲಗ್ ಕಿತ್ತು ಪಕ್ಕಕ್ಕಿಡಿ. ರಬ್ಬರ್ ಸೌಟಲ್ಲಿ ಕೆಳಗಿಂದ ಮೇಲಕ್ಕೆ ತಿರುವಿ, ಒಣ ಮೈದಾ ಕಾಣದಿದ್ರೆ ನಿಲ್ಲಿಸಿ. ಸಾಸಿವೆ ಗಾತ್ರದ ಗಂಟು ಒಂದೆರಡು ಉಳಿದ್ರೂ ಪರವಾಗಿಲ್ಲ, ಬೇಯುವಾಗ ಕರಗತ್ತೆ.

ತೂಕದ_ಕಲ್ಲು (ಹಾಸನ)

ಮೇಲಿನದು ತಪ್ಪಿನ ಪಟ್ಟಿ ಆಯ್ತು. ಮಾಡೋ ಅಳತೆ ಪ್ರತ್ಯೇಕ ಹಾಕ್ತೀನಿ. ಹನ್ನೆರಡು ಕಪ್ ಕೇಕಿಗೆ, ಎಲ್ಲ ತೂಕದಲ್ಲಿ:

ಮೈದಾ 150 ಗ್ರಾಂ, ಸಕ್ಕರೆ ಪುಡಿ 120, ಉಪ್ಪಿಲ್ಲದ ಬೆಣ್ಣೆ 90, ಮೊಟ್ಟೆ ಎರಡು (ಒಡೆದ ಮೇಲೆ 100 ಗ್ರಾಂ ಇರಬೇಕು, ನಾಟಿ ಕೋಳಿ ಮೊಟ್ಟೆ ಚಿಕ್ಕದು, ಮೂರನೇದು ಒಡೆದು ಕಲಕಿ ಕಮ್ಮಿ ಬಿದ್ದಷ್ಟು ಮಾತ್ರ ಹಾಕಿ), ಮೊಸರು 60, ಹಾಲು 30, ಗಟ್ಟಿ ಡಿಕಾಕ್ಷನ್ 30 ಎಂಎಲ್, ಬೇಕಿಂಗ್ ಪೌಡರ್ ತಲೆ ಸವರಿದ ಒಂದು ಟೀ ಚಮಚ ಅಂದ್ರೆ 4 ಗ್ರಾಂ, ಸೋಡಾ ಎಂಟನೇ ಒಂದು ಟೀ ಚಮಚ, ಉಪ್ಪು ಒಂದು ಚಿಟಿಕೆ. ಒಟ್ಟು 580 ಗ್ರಾಂ ಚಿಲ್ಲರೆ ಆಗತ್ತೆ, ಅಚ್ಚಿಗೆ 48 ಗ್ರಾಂ. ತಕ್ಕಡಿ ಮೇಲೆ ಟ್ರೇ ಇಟ್ಟು ಸೊನ್ನೆ ಮಾಡ್ಕೊಂಡು ಒಂದೊಂದೇ ಅಚ್ಚಿಗೆ ಹಾಕ್ತಾ ಹೋಗಿ. ಕಣ್ಣಳತೆ ನಂಬಬೇಡಿ.

ಬೆಣ್ಣೆ ಕರಗಿಸಬಾರದು. ಕರಗಿದ ಬೆಣ್ಣೆ ಗಾಳಿ ಹಿಡಿಯಲ್ಲ, ಎಷ್ಟು ಹೊತ್ತು ಬೀಟ್ ಮಾಡಿದ್ರೂ ಅಷ್ಟೆ. ಬೆರಳಿಂದ ಒತ್ತಿದ್ರೆ ಗುಳಿ ಬೀಳಬೇಕು, ಬೆರಳು ಜಾರಬಾರದು. 18ರಿಂದ 20 ಡಿಗ್ರಿ. ಡಿಸೆಂಬರ್ ಜನವರಿ ಬೆಳಗ್ಗೆ ನಿಮ್ಮೂರಲ್ಲಿ ಹೊರಗಿಟ್ಟ ಬೆಣ್ಣೆನೂ ಕಲ್ಲೇ. ಸಣ್ಣ ಚೂರು ಮಾಡಿ ತಟ್ಟೇಲಿ ಹರಡಿ. ಸ್ಟೀಲ್ ಪಾತ್ರೆಗೆ ಕುದಿಯೋ ನೀರು ಹಾಕಿ ಒಂದು ನಿಮಿಷ ಬಿಟ್ಟು ಚೆಲ್ಲಿ, ಒರೆಸಿ, ಬೆಣ್ಣೆ ಮೇಲೆ ಬೋರಲು ಹಾಕಿ. ಹತ್ತು ನಿಮಿಷದಲ್ಲಿ ಹದಕ್ಕೆ ಬರತ್ತೆ. ಮೊಟ್ಟೆನೂ ಉಗುರುಬೆಚ್ಚಗಿನ ನೀರಲ್ಲಿ ಹತ್ತು ನಿಮಿಷ ಇರಲಿ. ತಣ್ಣನೆ ಮೊಟ್ಟೆ ಹಾಕಿದ್ರೆ ಬೆಣ್ಣೆ ಒಡೆದ ಹಾಲಿನ ಥರ ತರಿತರಿ ಆಗತ್ತೆ. ಆದ್ರೆ ಗಾಬರಿ ಬೇಡ, ಅಳೆದಿಟ್ಟ ಮೈದಾದಿಂದ ಒಂದು ಚಮಚ ಹಾಕಿ ಬೀಟ್ ಮಾಡಿ, ಕೂಡ್ಕೊಳತ್ತೆ.

ಬೆಣ್ಣೆ ಸಕ್ಕರೆ ಮೂರು ನಾಲ್ಕು ನಿಮಿಷ, ಬಣ್ಣ ಬೆಳ್ಳಗಾಗೋ ತನಕ. ಮೊಟ್ಟೆ ಒಂದೊಂದಾಗಿ. ಆಮೇಲೆ ಮೈದಾ ಮೂರು ಪಾಲು, ಮೊಸರು ಹಾಲು ಡಿಕಾಕ್ಷನ್ ಎರಡು ಪಾಲು, ಮೈದಾದಿಂದ ಶುರು ಮಾಡಿ ಮೈದಾದಲ್ಲೇ ಮುಗಿಸಿ.

ಮನೆ ಬೆಣ್ಣೆ ಹಾಕೋರಿಗೆ ಒಂದು ಮಾತು. ಅದರಲ್ಲಿ ನೀರು ಮಜ್ಜಿಗೆ ಜಾಸ್ತಿ ಇರತ್ತೆ. ತಣ್ಣೀರಲ್ಲಿ ನೀರು ತಿಳಿಯಾಗೋ ತನಕ ತೊಳೆದು, ಚೆನ್ನಾಗಿ ಹಿಂಡಿ, ಆಮೇಲೆ ತೂಗಿ. ತೊಳೆಯದ ಬೆಣ್ಣೆ ಹಾಕಿದ್ರೆ ಕೇಕಿಗೆ ಹುಳಿ ವಾಸನೆ ಬರತ್ತೆ, ಒಳಗೆ ಜಿಗುಟಾಗತ್ತೆ.

ಡಿಕಾಕ್ಷನ್_ಡಬರಿ (ಮೂಡಿಗೆರೆ)

ಕಾಫಿ ವಿಚಾರ ನನಗೆ ಬಿಡಿ. ಫಿಲ್ಟರ್ ಪುಡಿನ ನೇರ ಹಿಟ್ಟಿಗೆ ಹಾಕೋದು ಬೇಳೆನ ಹಸಿದೇ ಸಾರಿಗೆ ಹಾಕಿ ಇಳಿಸಿದ ಹಾಗೆ. ಅದು ಬೀಜನ ಪುಡಿ ಮಾಡಿದ್ದು, ನೀರಲ್ಲಿ ಕರಗಲ್ಲ. ಇನ್‌ಸ್ಟಂಟ್ ಕಾಫಿ ಅಂದ್ರೆ ಡಿಕಾಕ್ಷನ್ನೇ ಒಣಗಿಸಿದ್ದು, ಅದಕ್ಕೇ ಕರಗತ್ತೆ. ಬರಹದಲ್ಲಿ ಎರಡಕ್ಕೂ ಬರೀ 'ಕಾಫಿ ಪುಡಿ' ಅಂತಾರೆ, ಎಡವಟ್ಟಾಗೋದು ಅಲ್ಲೇ. ನಿಮ್ಮ ಹಲ್ಲಿಗೆ ಸಿಕ್ಕಿದ್ದು ಮರಳಲ್ಲ, ರಸ ಬಿಡದೆ ಉಳಿದ ಪುಡಿ.

ಎರಡು ದಾರಿ ಇದೆ. ಸುಲಭದ್ದು: ಇನ್‌ಸ್ಟಂಟ್ ಪುಡಿ ಎರಡು ಟೀ ಚಮಚ ಒಂದು ಟೇಬಲ್ ಚಮಚ ಬಿಸಿನೀರಲ್ಲಿ ಕರಗಿಸಿ ಆರಿಸಿ, ಡಿಕಾಕ್ಷನ್ ಜಾಗದಲ್ಲಿ ಹಾಕಿ, ಕಮ್ಮಿ ಬಿದ್ದ ದ್ರವಕ್ಕೆ ಒಂದು ಟೇಬಲ್ ಚಮಚ ಹಾಲು. ರುಚಿಯದ್ದು: ಫಿಲ್ಟರಿಗೆ ನಾಲ್ಕು ದೊಡ್ಡ ಚಮಚ ಪುಡಿ ಹಾಕಿ, ಮೆಲ್ಲಗೆ ಒತ್ತಿ, ಕುದಿ ಬಂದು ಅರ್ಧ ನಿಮಿಷ ಆದ ನೀರು ಪುಡಿ ಮುಳುಗೋ ಅಷ್ಟೇ ಹಾಕಿ. ಮೊದಲು ಇಳಿಯೋ 30 ಎಂಎಲ್ ಮಾತ್ರ ತಗೊಳ್ಳಿ. ಎರಡನೇ ಡಿಕಾಕ್ಷನ್ ಬೇಡವೇ ಬೇಡ, ಬರೀ ಬಣ್ಣದ ನೀರು, ಹಿಟ್ಟು ತೆಳ್ಳಗಾಗತ್ತೆ ಹೊರತು ಕಾಫಿ ಆಗಲ್ಲ. ಪೂರ್ತಿ ಆರಿದ ಮೇಲೆ ಹಾಕಬೇಕು. ಬಿಸಿದು ಹಾಕಿದ್ರೆ ಬೆಣ್ಣೆ ಕರಗತ್ತೆ, ಬೇಕಿಂಗ್ ಪೌಡರ್ ಓವನ್ ಸೇರೋ ಮೊದಲೇ ಕೆಲಸ ಶುರು ಮಾಡ್ಬಿಡತ್ತೆ.

ಚಿಕೋರಿ ಎಷ್ಟಿದೆ ನೋಡಿ, ಪ್ಯಾಕೆಟ್ ಮೇಲೆ ಶೇಕಡಾ ಲೆಕ್ಕ ಬರೆದಿರಲೇಬೇಕು. ಕಾನೂನು ಪ್ರಕಾರ 49ರವರೆಗೂ ಬೆರೆಸಬಹುದು. ಲೋಟದಲ್ಲಿ ಹಾಲಿನ ಜೊತೆ ಚಿಕೋರಿ ಚೆನ್ನ, ಡಿಕಾಕ್ಷನ್ ದಪ್ಪ ಕಾಣತ್ತೆ. ಕೇಕಲ್ಲಿ ಮಾತ್ರ ಕಾಫಿ ಪರಿಮಳ ಹಿಂದೆ ಸರಿದು ಸುಟ್ಟ ಬೆಲ್ಲದ ಕಹಿ ಮುಂದೆ ಬರತ್ತೆ. ಚಿಕ್ಕಮಗಳೂರಲ್ಲಿ ಬೀಜ ಹುರಿದು ಕಣ್ಣೆದುರೇ ಪುಡಿ ಮಾಡಿ ಕೊಡೋ ಅಂಗಡಿ ಇರುವಾಗ ಕೇಕಿಗೆ ಅಂತ ನೂರು ಗ್ರಾಂ ಬರೀ ಕಾಫಿ ಮಾಡಿಸ್ಕೊಳ್ಳಿ. ಅರೇಬಿಕಾ ಪಾಲು ಜಾಸ್ತಿ ಕೇಳಿ. ರೋಬಸ್ಟಾ ಖಡಕ್ ಹೌದು, ಆದ್ರೆ ಸಿಹಿ ಕಮ್ಮಿ ಇರೋ ಕೇಕಲ್ಲಿ ಕಹಿ ಹೊಡೆಯತ್ತೆ.

ಮೇಲ್_ರಾಡ್_ಕೆಳ್_ರಾಡ್ (ಸಕಲೇಶಪುರ)

ಹಿಂದೆ ಗೋಪುರ, ಮುಂದೆ ಹಳ್ಳ ಅಂದ ಕೂಡಲೇ ಓಟಿಜಿ ತನ್ನ ಜಾತಕ ಹೇಳಿಬಿಟ್ಟಿದೆ. ಹಿಂದಿನ ಗೋಡೆ ಪಕ್ಕ ಶಾಖ ಜಾಸ್ತಿ, ಗಾಜಿನ ಬಾಗಿಲ ಪಕ್ಕ ಸೋರಿಕೆ. ಜಾಸ್ತಿ ಶಾಖದಲ್ಲಿ ಮೇಲಿನ ಸಿಪ್ಪೆ ಬೇಗ ಗಟ್ಟಿಯಾಗತ್ತೆ, ಒಳಗಿನ ಹಸಿ ಹಿಟ್ಟು ಅದನ್ನ ಒಡ್ಕೊಂಡು ಏಳತ್ತೆ, ಅದೇ ಗೋಪುರ. ಕಮ್ಮಿ ಶಾಖದಲ್ಲಿ ಉಬ್ಬಿದ್ದು ಗಟ್ಟಿಯಾಗೋ ಮೊದಲೇ ಕೂರತ್ತೆ, ಅದೇ ಹಳ್ಳ. ಒಂದೇ ಹಿಟ್ಟು, ಒಂದೇ ಟ್ರೇ, ಎರಡು ಥರ ಶಾಖ. ಚಮಚ ಸರಿ ಮಾಡ್ಕೊಂಡ್ರೆ ಎರಡೂ ತಗ್ಗುತ್ತೆ, ಪೂರ್ತಿ ಹೋಗಬೇಕಂದ್ರೆ ಓವನ್ ಕಡೆನೂ ನೋಡಬೇಕು.

ಡಯಲ್ ಮೇಲಿನ 180 ಅನ್ನೋದು ಅಂದಾಜು. ಒಳಗಿಡೋ ಓವನ್ ಥರ್ಮಾಮೀಟರ್ ಒಂದು ತಗೊಳ್ಳಿ. ಅದು ಬರೋ ತನಕ ಸಕ್ಕರೆ ಪರೀಕ್ಷೆ ಮಾಡಿ. ಸಕ್ಕರೆ 186 ಡಿಗ್ರಿಗೆ ಕರಗತ್ತೆ. ಫಾಯಿಲ್ ಬಟ್ಟಲಲ್ಲಿ ಒಂದು ಚಮಚ ಸಕ್ಕರೆ ಇಟ್ಟು, ಪೂರ್ತಿ ಪ್ರೀಹೀಟ್ ಆದ ಓವನ್‌ನಲ್ಲಿ 180ಕ್ಕೆ 15 ನಿಮಿಷ ಬಿಡಿ. ಕರಗಬಾರದು. ಕರಗಿದ್ರೆ ನಿಮ್ಮ ಓವನ್ ಹೇಳಿದ್ದಕ್ಕಿಂತ ಬಿಸಿ. ಆಮೇಲೆ 195ಕ್ಕೆ 15 ನಿಮಿಷ. ಆಗಲೂ ಕರಗದಿದ್ರೆ ತಣ್ಣಗಿದೆ. ಬಟ್ಟಲನ್ನ ಹಿಂದೊಂದು ಮುಂದೊಂದು ಇಟ್ರೆ ವ್ಯತ್ಯಾಸ ಎಷ್ಟು ಅಂತ ಕಣ್ಣಿಗೇ ಕಾಣತ್ತೆ.

ಇನ್ನು ಕರೆಂಟು. ಮಳೆಗಾಲದಲ್ಲಿ ನಮ್ಮ ಕಡೆ ವೋಲ್ಟೇಜು 230 ಇರಲ್ಲ, 190ಕ್ಕೆ ಇಳಿಯೋದು ಮಾಮೂಲಿ. ರಾಡಿನ ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯತ್ತೆ. 1,500 ವ್ಯಾಟಿನ ಓಟಿಜಿ 190ರಲ್ಲಿ ಸಾವಿರ ವ್ಯಾಟ್ ಚಿಲ್ಲರೆ ಕೊಡತ್ತೆ, ಅಷ್ಟೆ. ಥರ್ಮೋಸ್ಟಾಟ್ ಇರೋದ್ರಿಂದ ಕೊನೆಗೆ 180 ಮುಟ್ಟತ್ತೆ, ಆದ್ರೆ ನಿಧಾನ. ಹತ್ತು ನಿಮಿಷ ಪ್ರೀಹೀಟ್ ಸಾಲಲ್ಲ, ಇಪ್ಪತ್ತು ಕೊಡಿ. ಬಾಗಿಲು ತೆಗೆದಾಗ ಬಿದ್ದ ಶಾಖ ವಾಪಸ್ ಏರೋದೂ ನಿಧಾನ. ಹತ್ತನೇ ನಿಮಿಷಕ್ಕೆ ಬಾಗಿಲು ತೆಗೆದ್ರಲ್ಲ, ಆಗ ಹಿಟ್ಟು ಪೂರ್ತಿ ಉಬ್ಬಿ ಇನ್ನೂ ಗಟ್ಟಿಯಾಗಿರಲ್ಲ, ಬಾಗಿಲ ಪಕ್ಕದವಕ್ಕೆ ತಣ್ಣನೆ ಗಾಳಿ ನೇರ ಬಡಿದಿದೆ. 14 ನಿಮಿಷ ಮುಗಿಯೋ ತನಕ ಬಾಗಿಲು ಮುಟ್ಟಬೇಡಿ, ಲೈಟ್ ಹಾಕ್ಕೊಂಡು ನೋಡಿ. 14ಕ್ಕೆ ಒಂದೇ ಸಲ ತೆಗೆದು ಟ್ರೇನ ಹಿಂದುಮುಂದು ತಿರುಗಿಸಿ, ತಕ್ಷಣ ಮುಚ್ಚಿ.

48 ಗ್ರಾಮಿನ ಕಪ್ ಕೇಕಿಗೆ ನಡುವಿನ ಅಂತಸ್ತು, ಎರಡೂ ರಾಡ್, ಫ್ಯಾನ್ ಇಲ್ಲದೆ 175ರಲ್ಲಿ 18ರಿಂದ 20 ನಿಮಿಷ. ಫ್ಯಾನ್ ಹಾಕಿದ್ರೆ 160. ಬೆರಳಲ್ಲಿ ಮೆಲ್ಲಗೆ ಒತ್ತಿದ್ರೆ ಪುಟಿದು ವಾಪಸ್ ಬರಬೇಕು, ಟೂತ್‌ಪಿಕ್‌ಗೆ ಹಸಿ ಹಿಟ್ಟು ಅಂಟಬಾರದು, ಒಂದೆರಡು ಪುಡಿ ಅಂಟಿದ್ರೆ ಅದೇ ಹದ. ಚುಚ್ಚೋ ಥರ್ಮಾಮೀಟರ್ ಇಟ್ಕೊಂಡೋರು 94ಕ್ಕೆ ತೆಗೀರಿ. ಪುಸ್ತಕದಲ್ಲಿ 98 ಅಂತ ಇದ್ರೆ ಅದು ಕರಾವಳಿ ಮಟ್ಟದ್ದು. ನೀರೇ 96ಕ್ಕೆ ಕುದಿಯೋ ಊರಲ್ಲಿ 98 ಬರಲಿ ಅಂತ ಕಾದ್ರೆ ರಸ್ಕ್ ಸಿಗತ್ತೆ. ಇಲ್ಲಿ ಮಾತ್ರ ಗಿರಿಗಾಳಿಯವರ ಮಾತು ಪೂರಾ ನಿಜ.

ನಡುವೆ ಕರೆಂಟ್ ಹೋದ್ರೆ: ಮೊದಲ ಹತ್ತು ನಿಮಿಷದೊಳಗೆ ಹೋದ್ರೆ ಓವನ್ ನಂಬಿ ಕೂರಬೇಡಿ. ದಪ್ಪ ತಳದ ಕುಕ್ಕರಿಗೆ ಎರಡು ಕಪ್ ಕಲ್ಲುಪ್ಪು ಹಾಕಿ, ಮೇಲೆ ಸ್ಟ್ಯಾಂಡ್ ಇಟ್ಟು, ಗ್ಯಾಸ್ಕೆಟ್ ವಿಸಲ್ ತೆಗೆದು ಮುಚ್ಚಿ ಮೊದಲೇ ಹತ್ತು ನಿಮಿಷ ಕಾಯಿಸಿಟ್ಟಿದ್ರೆ ಬಿಡಿ ಅಚ್ಚುಗಳನ್ನ ಅದಕ್ಕೆ ದಾಟಿಸಬಹುದು. 15 ನಿಮಿಷ ದಾಟಿದ ಮೇಲೆ ಹೋದ್ರೆ ಬಾಗಿಲು ತೆಗೀಬೇಡಿ, ಒಳಗಿನ ಬಿಸಿಗೇ ಇನ್ನೊಂದು ಎಂಟು ಹತ್ತು ನಿಮಿಷದಲ್ಲಿ ಬೇಯತ್ತೆ.

ಗಿರಿಗಾಳಿ (ಚಿಕ್ಕಮಗಳೂರು)

ಒಪ್ಪಿದೆ, ಚಮಚದ ಲೆಕ್ಕ ಕಣ್ತಪ್ಪಿತ್ತು. ಒಂದು ಮಾತು ಸೇರಿಸ್ತೀನಿ. ಅಳತೆ ಸರಿ ಇದ್ದೂ ಕೇಕ್ ಉಬ್ಬದೇ ಇದ್ದರೆ ಪುಡಿ ಸತ್ತಿರತ್ತೆ. ಮಳೆಗಾಲದಲ್ಲಿ ಇಲ್ಲಿನ ಥಂಡಿಗೆ ತೆರೆದ ಡಬ್ಬಿ ಬೇಗ ಸೊರಗತ್ತೆ. ಅರ್ಧ ಲೋಟ ಬಿಸಿನೀರಿಗೆ ಒಂದು ಚಮಚ ಬೇಕಿಂಗ್ ಪೌಡರ್ ಹಾಕಿದರೆ ಜೋರಾಗಿ ನೊರೆ ಏಳಬೇಕು. ಸೋಡಾಕ್ಕೆ ನಿಂಬೆರಸ ಹಿಂಡಿ ನೋಡಿ. ಒದ್ದೆ ಚಮಚ ಡಬ್ಬಿಯೊಳಗೆ ಹೋಗಲೇಬಾರದು. ಜಾಸ್ತಿ ಹಾಕಿ ಸತ್ತ ಪುಡಿನ ಸರಿದೂಗಿಸೋಕೆ ಹೋಗಬೇಡಿ, ಉಬ್ಬೋದಿಲ್ಲ, ಕಹಿ ಮಾತ್ರ ಉಳಿಯತ್ತೆ.

ಕಪ್‌ಕೇಕ್_ಕಷ್ಟ (ಚಿಕ್ಕಮಗಳೂರು)

ಎಲ್ಲರಿಗೂ ಥ್ಯಾಂಕ್ಸ್. ಚಮಚ ಅಳೆದೆ, 7.5 ಎಂಎಲ್. ಸಕ್ಕರೆ ಪರೀಕ್ಷೆಯಲ್ಲಿ 180ಕ್ಕೆ ಹಿಂದಿನ ಬಟ್ಟಲು ಅಂಚಲ್ಲಿ ಕರಗಿದೆ, ಮುಂದಿನದು ಹರಳು ಹರಳಾಗೇ ಇದೆ. ತೂಕದ_ಕಲ್ಲು ಅವರ ಅಳತೆಯಲ್ಲಿ ಇನ್‌ಸ್ಟಂಟ್ ಕಾಫಿ ಹಾಕಿ 170ಕ್ಕೆ ಇಟ್ಟು, 14ಕ್ಕೆ ತಿರುಗಿಸಿ, 20 ನಿಮಿಷಕ್ಕೆ ತೆಗೆದಿದ್ದು: ಹನ್ನೆರಡೂ ಅಂಚಿನ ಮಟ್ಟಕ್ಕೆ ಬಂದಿವೆ, ಹಳ್ಳ ಒಂದೂ ಇಲ್ಲ. ಹಿಂದಿನ ಎರಡರಲ್ಲಿ ಕೂದಲೆಳೆ ಬಿರುಕು, ಅಷ್ಟೆ. ಸೋಪಿನ ರುಚಿ ಹೋಗಿದೆ.

ಉಳಿದಿರೋದು ಮೂರು. ಪೇಪರ್ ಇನ್ನೂ ಐದಾರು ಕಪ್ಪಿನಲ್ಲಿ ಬಿಟ್ಟುಕೊಳ್ತಿದೆ. ಡಿಕಾಕ್ಷನ್ ಹಾಕಿದ ಬಟರ್ ಐಸಿಂಗ್ ಒಡೆದು ನೀರಾಯ್ತು. ಮೊಟ್ಟೆ ತಿನ್ನದವರಿಗೂ ಇದೇ ಕಪ್ ಕೇಕ್ ಬೇಕು, ಆಗತ್ತಾ?

ಬೆಣ್ಣೆಬಿಸ್ಕತ್ (ಹಾಸನ)

ಮೊಟ್ಟೆ ಇಲ್ಲದ ಕೇಕ್ ಬಗ್ಗೆ ಹಾಸನದವರನ್ನ ಕೇಳಿದ್ರಿ, ಸರಿಯಾದ ಬಾಗಿಲೇ ತಟ್ಟಿದೀರಿ. ಬೆಂಗಳೂರಿನ ಅಯ್ಯಂಗಾರ್ ಬೇಕರಿಗಳ ಬೇರು ಹುಡುಕ್ಕೊಂಡು ಹೊರಟ್ರೆ ಹಾಸನ ಜಿಲ್ಲೆಗೇ ಬಂದು ನಿಲ್ಲತ್ತೆ.

ಮೊಟ್ಟೆ ತೆಗೆದು ಅದೇ ಅಳತೆ ಇಟ್ಕೊಳ್ಳೋಕೆ ಆಗಲ್ಲ. ಮೊಟ್ಟೆ ಗೋಡೆ ಕಟ್ಟೋ ಕೆಲಸ ಮಾಡ್ತಿತ್ತು. ಅದಿಲ್ಲದಾಗ ಬೆಣ್ಣೆ ಬಿಟ್ಟು ಎಣ್ಣೆ ಹಿಡೀರಿ, ಸೋಡಾ ಮೊಸರಿನ ಜೋಡಿ ಮೇಲೆ ಉಬ್ಬಿಸಿ. ಹನ್ನೊಂದು ಕಪ್ ಕೇಕಿಗೆ: ಮೈದಾ 150 ಗ್ರಾಂ, ಸಕ್ಕರೆ ಪುಡಿ 110, ಗಟ್ಟಿ ಮೊಸರು 150, ಸೂರ್ಯಕಾಂತಿ ಎಣ್ಣೆ 60 ಎಂಎಲ್, ಹಾಲು 50, ಡಿಕಾಕ್ಷನ್ 30, ಬೇಕಿಂಗ್ ಪೌಡರ್ ಸವರಿದ ಒಂದು ಟೀ ಚಮಚ, ಸೋಡಾ ಸವರಿದ ಕಾಲು ಟೀ ಚಮಚ, ಚಿಟಿಕೆ ಉಪ್ಪು. ಮೊಸರು ಆವತ್ತಿಂದು ಬೇಡ, ಹಿಂದಿನ ದಿನದ್ದು, ಸ್ವಲ್ಪ ಹುಳಿ ಇರಲಿ. ಸಿಹಿ ಮೊಸರು ಹಾಕಿದ್ರೆ ಸೋಡಾ ಮಿಕ್ಕು ಮತ್ತೆ ಸೋಪಿನ ಕಥೆ ಶುರು.

ಮೊಸರು ಸಕ್ಕರೆ ಕರಗೋ ಹಾಗೆ ಕಲಸಿ, ಎಣ್ಣೆ, ಹಾಲು, ಡಿಕಾಕ್ಷನ್ ಹಾಕಿ, ಕೊನೆಗೆ ಜರಡಿ ಹಿಡಿದ ಮೈದಾ. ಸೌಟಲ್ಲೇ ಕಲಸಿ, ಬೀಟರ್ ಬೇಡ. ಎತ್ತಿ ಬಿಟ್ರೆ ರಿಬ್ಬನ್ ಥರ ಬೀಳಬೇಕು, ಇಡ್ಲಿ ಹಿಟ್ಟಿಗಿಂತ ಒಂದು ಚೂರು ತೆಳ್ಳಗೆ. ಕಲಸಿದ ಮೇಲೆ ಫೋನ್ ಹಿಡ್ಕೊಂಡು ನಿಲ್ಲೋ ಹಾಗಿಲ್ಲ. ಸೋಡಾ ಹುಳಿ ಕೂಡಿದ ಕೂಡಲೇ ಗ್ಯಾಸ್ ಬಿಡೋಕೆ ಶುರು, ಐದು ನಿಮಿಷದಲ್ಲಿ ಓವನ್ ಒಳಗಿರಬೇಕು. ಓವನ್ ಮೊದಲು ಕಾದಿರಲಿ, ಹಿಟ್ಟು ಆಮೇಲೆ. ನಿಮ್ಮ ಓವನ್‌ನಲ್ಲಿ 170ಕ್ಕೆ 20ರಿಂದ 22 ನಿಮಿಷ. ಮೇಲ್ಭಾಗ ಮೊಟ್ಟೆ ಕೇಕಿನಷ್ಟು ಕೆಂಪಾಗಲ್ಲ, ಬಣ್ಣ ಬರಲಿ ಅಂತ ಕಾಯ್ತಾ ಒಣಗಿಸಬೇಡಿ.

ಪೇಪರ್ ಬಿಡೋದು ಹಬೆಯಿಂದ. ಟ್ರೇನಲ್ಲೇ ಆರೋಕೆ ಬಿಟ್ರೆ ಹಬೆ ಹೊರಗೆ ಹೋಗೋಕೆ ದಾರಿ ಇಲ್ಲದೆ ಕೇಕ್ ಪೇಪರ್ ನಡುವೆ ನೀರಾಗತ್ತೆ, ಪೇಪರ್ ಮೆತ್ತಗಾಗಿ ಬಿಚ್ಕೊಳತ್ತೆ. ಓವನ್‌ನಿಂದ ತೆಗೆದ ಐದನೇ ನಿಮಿಷಕ್ಕೆ ಟ್ರೇಯಿಂದ ಎತ್ತಿ ತಂತಿ ಜಾಲರಿ ಮೇಲೆ ಒಂದಕ್ಕೊಂದು ತಾಗದ ಹಾಗೆ ಇಡಿ. ಜಾಲರಿ ಇಲ್ಲದಿದ್ರೆ ಓಟಿಜಿ ಜೊತೆ ಬಂದ ಗ್ರಿಲ್ಲೇ ಎರಡು ಬಟ್ಟಲ ಮೇಲೆ ಅಡ್ಡ ಇಟ್ರೆ ಆಯ್ತು. ಪೂರ್ತಿ ಆರೋ ಮೊದಲು ಡಬ್ಬಿಗೆ ಹಾಕಿ ಮುಚ್ಚಿದ್ರೂ ಇದೇ ಗತಿ. ತೆಳು ಬಣ್ಣದ ಪೇಪರಿಗಿಂತ ಎಣ್ಣೆ ಹೀರದ ದಪ್ಪ ಪೇಪರ್ ಕೇಳಿ ತಗೊಳ್ಳಿ.

ಐಸಿಂಗ್ ಒಡೆದದ್ದಕ್ಕೆ ಕಾರಣ ನೀರು ಜಾಸ್ತಿ. 100 ಗ್ರಾಂ ಬೆಣ್ಣೆ, 200 ಗ್ರಾಂ ಐಸಿಂಗ್ ಶುಗರ್ ಇದ್ರೆ ಅದು ತಡ್ಕೊಳ್ಳೋದು ಎರಡು ಮೂರು ಟೀ ಚಮಚ ದ್ರವ ಮಾತ್ರ. ಡಿಕಾಕ್ಷನ್‌ನಿಂದ ಅಷ್ಟರಲ್ಲಿ ರುಚಿ ಬರಲ್ಲ, ಇಲ್ಲಿ ಇನ್‌ಸ್ಟಂಟೇ ಸರಿ: ಎರಡು ಟೀ ಚಮಚ ಪುಡಿ, ಎರಡು ಟೀ ಚಮಚ ಬಿಸಿನೀರು, ಆರಿಸಿ ಹನಿ ಹನಿಯಾಗಿ ಬಿಡ್ತಾ ಬೀಟ್ ಮಾಡಿ. ತಣ್ಣಗಾಗಿ ತರಿತರಿ ಒಡೆದಿದ್ರೆ ಪಾತ್ರೆ ತಳನ ಬೆಚ್ಚಗಿನ ನೀರಲ್ಲಿ ಹತ್ತು ಸೆಕೆಂಡ್ ಮುಳುಗಿಸಿ ಬೀಟ್ ಮಾಡಿ, ಕೂಡತ್ತೆ. ಬಿಸಿಗೆ ಕರಗಿ ಹರೀತಿದ್ರೆ ಹದಿನೈದು ನಿಮಿಷ ಫ್ರಿಜ್ಜಲ್ಲಿಟ್ಟು ಮತ್ತೆ ಬೀಟ್ ಮಾಡಿ. ಕೇಕ್ ಮುಟ್ಟಿದ್ರೆ ಚೂರು ಬೆಚ್ಚಗಿದ್ರೂ ಐಸಿಂಗ್ ಹಾಕಬೇಡಿ.

ಕಪ್‌ಕೇಕ್_ಕಷ್ಟ (ಚಿಕ್ಕಮಗಳೂರು)

ಮೊದಲ ಸಲದ ಒಂಬತ್ತು ಇನ್ನೂ ಡಬ್ಬಿಯಲ್ಲಿವೆ. ಹಳ್ಳ ಬಿದ್ದಿದ್ದಕ್ಕೆ ಐಸಿಂಗ್ ತುಂಬಿ ಬಳಸಬಹುದಾ?

ತೂಕದ_ಕಲ್ಲು (ಹಾಸನ)

ಹಳ್ಳ ಅಷ್ಟೇ ಆಗಿದ್ರೆ ತುಂಬಬಹುದಿತ್ತು, ಹೊರಗಿನೋರಿಗೆ ಗೊತ್ತೂ ಆಗ್ತಿರಲಿಲ್ಲ. ಸೋಡಾ ಹೊಡೆದಿದೆಯಲ್ಲ, ಅದನ್ನ ಯಾವ ಐಸಿಂಗೂ ಮುಚ್ಚಲ್ಲ. ಒಣಗಿಸಿ ರಸ್ಕ್ ಮಾಡಿದ್ರೂ ಆ ರುಚಿ ಹೋಗಲ್ಲ. ಬಿಸಾಕಿ. ಆ 7.5 ಎಂಎಲ್ ಚಮಚನ ಮಾತ್ರ ಉಪ್ಪಿನ ಡಬ್ಬಿಗೆ ಹಾಕ್ಬಿಡಿ, ಬೇಕಿಂಗ್ ಸಾಮಾನಿನ ಹತ್ರ ಸುಳಿಯೋದು ಬೇಡ.